ಗಾಂಧಿ ಬಜಾರ್‌ನಿಂದ ಚರ್ಚ್ ಸ್ಟ್ರೀಟ್‌ವರೆಗೆ: ಪುಸ್ತಕ ಬಿಚ್ಚಿ ನೋಡಿ ಕೊಳ್ಳಿ

ಒಂದು ಕಾದಂಬರಿಯನ್ನು ಒಬ್ಬರು ‘ಕೂತಲ್ಲೇ ಓದಿ ಮುಗಿಸಿದೆ’ ಅಂತ ಹೊಗಳುತ್ತಾರೆ. ಅದನ್ನೇ ಕೊಂಡು ತಂದ ಇನ್ನೊಬ್ಬರಿಗೆ ಐವತ್ತು ಪುಟ ದಾಟುವುದೂ ಕಷ್ಟವಾಗುತ್ತದೆ. ರುಚಿ ಬೇರೆ ಇರಬಹುದು, ಒಪ್ಪೋಣ. ಆದರೆ ಬಹಳ ಸಲ ಇಬ್ಬರ ಕೈಯಲ್ಲಿರುವ ಪ್ರತಿಗಳೇ ಬೇರೆ. ಒಬ್ಬರದು ಅಚ್ಚುಮೊಳೆ ಜೋಡಿಸಿ, ಕರಡು ತಿದ್ದಿ ಅಚ್ಚು ಹಾಕಿದ ಹಳೇ ಮುದ್ರಣ. ಇನ್ನೊಬ್ಬರದು ಅವಸರದಲ್ಲಿ ಮರುಟೈಪ್ ಮಾಡಿಸಿದ್ದು: ಸಾಲಿಗೆ ಸಾಲು ತಾಗುತ್ತದೆ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂತಿರುತ್ತದೆ. ಓದಿನ ಸುಖದಲ್ಲಿ ಅರ್ಧ ಪ್ರತಿಯದ್ದು. ಹಾಗಾಗಿ ಬೆಂಗಳೂರಿನ ಪುಸ್ತಕದಂಗಡಿಗಳನ್ನು ಇಲ್ಲಿ ಒಂದೇ ಅಳತೆಯಲ್ಲಿ ನೋಡಿದ್ದೇವೆ: ಕನ್ನಡ ಪುಸ್ತಕವನ್ನು ಕೈಗೆತ್ತಿಕೊಂಡು, ಬಿಚ್ಚಿ, ಇನ್ನೊಂದು ಮುದ್ರಣದ ಪಕ್ಕ ಇಟ್ಟು ನೋಡಿ ಕೊಳ್ಳಲು ಎಲ್ಲಿ ಅನುಕೂಲ?

ಮೊದಲ ಸ್ಥಾನ ಬಸವನಗುಡಿಯ ಗಾಂಧಿ ಬಜಾರ್ ಮುಖ್ಯರಸ್ತೆಯ ಅಂಕಿತ ಪುಸ್ತಕಕ್ಕೆ. ಇವರು ಪ್ರಕಾಶಕರೂ ಹೌದು, ಆದರೆ ಅಂಗಡಿಯಲ್ಲಿ ಬೇರೆ ಪ್ರಕಾಶಕರ ಪುಸ್ತಕಗಳೂ ಇರುತ್ತವೆ. ಇಡೀ ಮಳಿಗೆ ಕನ್ನಡದ್ದೇ ಆದ್ದರಿಂದ ಕಥೆ, ಕವಿತೆ, ವಿಮರ್ಶೆ, ಅನುವಾದ ಯಾವುದನ್ನೂ ಮೂಲೆಯಲ್ಲಿ ಹುಡುಕಬೇಕಿಲ್ಲ. ಮೆಟ್ರೋದಲ್ಲಿ ಬರುವವರು ಹಸಿರು ಮಾರ್ಗದ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ನಡೆದುಬಿಡಬಹುದು. ಒಂದು ಮಾತು: ಪುಸ್ತಕ ಮೊದಲು, ವಿದ್ಯಾರ್ಥಿ ಭವನದ ದೋಸೆ ಆಮೇಲೆ. ತುಪ್ಪದ ಬೆರಳಿನ ಗುರುತು ಪುಸ್ತಕ ಅಚ್ಚು ಹಾಕುವ ಮ್ಯಾಪ್‌ಲಿಥೊ ಕಾಗದದಿಂದ ಯಾವತ್ತೂ ಹೋಗುವುದಿಲ್ಲ.

ಗಾಂಧಿನಗರದ ಸಪ್ನ ಬುಕ್ ಹೌಸ್ 1967ರಿಂದ ಇದೆ. ಮೆಜೆಸ್ಟಿಕ್‌ನಿಂದ ನಡೆದು ಹೋಗುವಷ್ಟು ಹತ್ತಿರ, ಬಹುಮಹಡಿ, ಕನ್ನಡದ ಸಂಗ್ರಹ ದೊಡ್ಡದು. ಒಂದೇ ಕೃತಿಯ ಎರಡು ಪ್ರಕಾಶಕರ ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಕೆಲಸಕ್ಕೆ ಇಂಥ ದೊಡ್ಡ ಮಳಿಗೆಯೇ ಸರಿ. ಸುಮ್ಮನೆ ಅಲೆಯಲು ಹೋದರೆ ದಣಿವಾಗುತ್ತದೆ; ಲೇಖಕರ ಹೆಸರು, ಕೃತಿ, ಪ್ರಕಾಶಕ, ಮೂರನ್ನೂ ಬರೆದ ಚೀಟಿ ಹಿಡಿದುಕೊಂಡು ಹೋಗಿ. ಮಕ್ಕಳಿಗೆ ವಿಜ್ಞಾನದ ಪುಸ್ತಕ ಬೇಕಿದ್ದವರು 1960ರಲ್ಲಿ ಶುರುವಾದ ನವಕರ್ನಾಟಕ ಪ್ರಕಾಶನದ ಮಳಿಗೆಗೂ ಹೋಗಿ ಬರಬೇಕು.

ಇನ್ನು ಬಿಚ್ಚಿ ನೋಡುವುದು ಅಂದರೇನು? ಶೀರ್ಷಿಕೆ ಪುಟದ ಹಿಂಬದಿಯಿಂದ ಶುರುಮಾಡಿ. ಕನ್ನಡ ಪುಸ್ತಕಗಳ ಈ ಪುಟದಲ್ಲಿ ಎಷ್ಟು ಮಾಹಿತಿ ಇರುತ್ತದೆಂದು ಬಹಳ ಓದುಗರು ಗಮನಿಸಿಯೇ ಇರುವುದಿಲ್ಲ. ‘ಪುಟಗಳು: 16 + 240, ಪ್ರತಿಗಳು: 1000, ಆಕಾರ: ಡೆಮಿ 1/8, ಕಾಗದ: 70 ಜಿಎಸ್‌ಎಂ ಎನ್.ಎಸ್. ಮ್ಯಾಪ್‌ಲಿಥೊ’. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ; ಎನ್.ಎಸ್. ಅಂದರೆ ನ್ಯಾಚುರಲ್ ಶೇಡ್, ತುಸು ಹಳದಿ ಛಾಯೆಯ ಕಾಗದ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಪುಟದ ಲೆಕ್ಕ, ಕಾಗದದ ಲೆಕ್ಕ ಎರಡೂ ಬರುವುದರಿಂದ ನಮ್ಮ ಪ್ರಕಾಶಕರು ಇದನ್ನು ತಪ್ಪದೆ ಅಚ್ಚು ಹಾಕುತ್ತಾರೆ. ಓದುಗನಿಗೆ ಅದು ಸಿಕ್ಕ ವರ. 70 ಜಿಎಸ್‌ಎಂ ಕಾಗದದ 256 ಪುಟದ ಡೆಮಿ ಪುಸ್ತಕ ಹೊದಿಕೆ ಸೇರಿ ಹೆಚ್ಚುಕಮ್ಮಿ 300 ಗ್ರಾಂ ತೂಗುತ್ತದೆ. ಕೈಗೆ ತೀರಾ ಹಗುರ ಅನ್ನಿಸಿದರೆ ಒಂದು ಹಾಳೆಯನ್ನು ಬೆಳಕಿಗೆ ಹಿಡಿಯಿರಿ. ಹಿಂದಿನ ಪುಟದ ಸಾಲುಗಳು ಸ್ಪಷ್ಟವಾಗಿ ಕಂಡರೆ ಕಾಗದ ತೆಳು, ರಾತ್ರಿ ಟ್ಯೂಬ್‌ಲೈಟಿನಲ್ಲಿ ಓದುವಾಗ ಕಣ್ಣು ಸೋಲುತ್ತದೆ. ಹೊಸ ಪುಸ್ತಕಗಳ ಬೆಲೆ ಈಗ ಪುಟಕ್ಕೆ ಒಂದು ರೂಪಾಯಿ, ಅದಕ್ಕಿಂತ ತುಸು ಹೆಚ್ಚು. ಅಷ್ಟು ಕೊಡುವಾಗ ಈ ಪರೀಕ್ಷೆ ಮಾಡುವುದರಲ್ಲಿ ಸಂಕೋಚ ಬೇಡ.

ಆಮೇಲೆ ಫಾರಂ ನೋಡಿ. ಡೆಮಿ 1/8 ಅಂದರೆ ಒಂದು ದೊಡ್ಡ ಹಾಳೆಯನ್ನು ಮಡಚಿ ಎಂಟು ಎಲೆ, ಅಂದರೆ 16 ಪುಟ. ಅದೇ ಒಂದು ಫಾರಂ. ಬೈಂಡಿಂಗ್‌ನಲ್ಲಿ ಫಾರಂ ಬಿಟ್ಟುಹೋಗುವುದು, ಒಂದೇ ಫಾರಂ ಎರಡು ಸಲ ಸೇರುವುದು ಎಲ್ಲ ಕಾಲದ ಕಾಟ: 96ನೇ ಪುಟ ಮುಗಿದು ನೇರ 113 ಬರುತ್ತದೆ. ಎಲ್ಲ ಪುಟ ಎಣಿಸಬೇಕಿಲ್ಲ. ಮುನ್ನುಡಿಯ ಭಾಗ 16 ಪುಟವಿದ್ದರೆ ಅದೊಂದು ಫಾರಂ ಆಗುತ್ತದೆ, ಆಗ 16–17, 32–33, 48–49, ಹೀಗೆ ಸಂದುಗಳನ್ನು ಮಾತ್ರ ನೋಡಿದರೆ ಸಾಕು. ಮುನ್ನುಡಿ 8 ಪುಟವಾದರೆ ಸಂದು 8–9, 24–25, 40–41ಕ್ಕೆ ಸರಿಯುತ್ತದೆ. 240 ಪುಟದ ಪುಸ್ತಕಕ್ಕೆ ಒಂದು ನಿಮಿಷದ ಕೆಲಸ. ಬೇಡಿಕೆಗೆ ತಕ್ಕಂತೆ ಡಿಜಿಟಲ್ ಯಂತ್ರದಲ್ಲಿ ಐವತ್ತು, ನೂರು ಪ್ರತಿ ತೆಗೆದ ಪುಸ್ತಕಗಳಿಗೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಖಾಲಿ ಪುಟ, ಓರೆ ಅಚ್ಚು ಇವೆಯೇ ಅಂತ ಬೇಗ ಬೇಗ ಮಗುಚಿ ನೋಡಬೇಕು.

ಬೈಂಡಿಂಗ್‌ಗೆ ಬರೋಣ. ಹೊಲಿದ ಪುಸ್ತಕದ ಬೆನ್ನನ್ನು ಮೇಲಿನಿಂದ ನೋಡಿದರೆ ಮಡಿಕೆಗಳ ಕಟ್ಟು ಕಾಣುತ್ತದೆ, ಫಾರಂ ನಡುವಿನಲ್ಲಿ ದಾರ ಸಿಗುತ್ತದೆ. ಬರೀ ಗೋಂದಿನದಾದರೆ ಬೆನ್ನು ಒಂದೇ ಸಮ. ಗೋಂದಿನ ಪುಸ್ತಕ ಕೆಟ್ಟದ್ದೇನಲ್ಲ. ಆದರೆ ಗೋಂದು ತೆಳುವಾಗಿ ಬಳಿದಿದ್ದರೆ ಬೆಂಗಳೂರಿನ ಮಾರ್ಚಿ ಒಣಹವೆಗೆ ನಡುವೆ ಸೀಳುತ್ತದೆ. ಪುಸ್ತಕವನ್ನು ಸರಿ ಮಧ್ಯಕ್ಕೆ ಬಿಚ್ಚಿ ಅಂಗೈ ಮೇಲೆ ಇಡಿ. ಬುಡದಲ್ಲಿ ‘ಚಟ್’ ಅಂದರೆ ಆ ಪ್ರತಿ ಬೇಡ. ಸದ್ದಿಲ್ಲದೆಯೂ ಹಾಳೆಗಳು ಸೆಟೆದು ನಿಂತು, ಕೈ ಬಿಟ್ಟ ಕೂಡಲೇ ಮುಚ್ಚಿಕೊಂಡರೆ ಕಾಗದದ ನಾರು ಬೆನ್ನಿಗೆ ಅಡ್ಡಲಾಗಿದೆ ಅಂತ ಅರ್ಥ. ನಾರು ಬೆನ್ನಿನ ಉದ್ದಕ್ಕೇ ಓಡಬೇಕು. ಅಡ್ಡವಾದರೆ ಮಳೆಗಾಲದಲ್ಲಿ ತೇವ ಕುಡಿದ ಹಾಳೆ ಬೆನ್ನಿನ ಬಳಿ ಅಲೆಅಲೆಯಾಗಿ ಉಬ್ಬುತ್ತದೆ, ಓದುವಷ್ಟು ಹೊತ್ತೂ ಎರಡೂ ಕೈಯಲ್ಲಿ ಪುಸ್ತಕದ ಜೊತೆ ಗುದ್ದಾಡಬೇಕು.

ಕೊನೆಗೆ ಅಕ್ಷರ. ಮರುಮುದ್ರಣವಾದರೆ ಯಾವುದಾದರೂ ಎರಡು ಪುಟ ನಿಂತು ಓದಿ. ಘ ಇರಬೇಕಾದಲ್ಲಿ ಫ, ಪ ಇರಬೇಕಾದಲ್ಲಿ ಷ, ಧ ಬಂದಲ್ಲಿ ದ, ಇವು ಹೊಸದಾಗಿ ಟೈಪ್ ಮಾಡಿ ಕರಡು ನೋಡದ ಗುರುತು. ಹಳೇ ಫಾಂಟ್‌ನಿಂದ ಯೂನಿಕೋಡ್‌ಗೆ ಬದಲಿಸಿದ್ದರೆ ತೊಂದರೆ ಬೇರೆ ಜಾಗದಲ್ಲಿ: ‘ರ‍್ಯಾಂಕ್’ ಅನ್ನುವುದು ‘ರ್ಯಾಂಕ್’ ಆಗಿ, ರಕಾರ ಅರ್ಕಾವತ್ತಾಗಿ ಯಕಾರದ ಹಿಂದೆ ಹೋಗಿರುತ್ತದೆ. ಎರಡು ಪುಟದಲ್ಲಿ ಮೂರು ತಪ್ಪು ಸಿಕ್ಕರೆ ಇಡೀ ಪುಸ್ತಕದ ಸ್ಥಿತಿ ಗೊತ್ತಾಯಿತು. ಇಂಥ ಪ್ರತಿಯನ್ನು ಮುಖಪುಟ ಎಷ್ಟೇ ಚೆನ್ನಾಗಿದ್ದರೂ ಕೊಳ್ಳಬಾರದು ಅನ್ನುವುದು ನಮ್ಮ ಖಚಿತ ಅಭಿಪ್ರಾಯ. ಮೂಲ ಬರೆದವರಿಗೂ ಅದು ಅನ್ಯಾಯ.

ಹಾಗಾದರೆ ಹಳೇ ಮುದ್ರಣ ಎಲ್ಲಿ? ಚರ್ಚ್ ಸ್ಟ್ರೀಟ್‌ನ ಬ್ಲಾಸಮ್ ಮತ್ತು ಬುಕ್‌ವರ್ಮ್ ಹಳೇ ಪುಸ್ತಕಕ್ಕೆ ಹೆಸರಾದ ಅಂಗಡಿಗಳು, ಎಂ.ಜಿ. ರಸ್ತೆ ಮೆಟ್ರೋದಿಂದ ಹತ್ತೇ ಹೆಜ್ಜೆ ಅನ್ನುವಷ್ಟು ಹತ್ತಿರ. ಇಂಗ್ಲಿಷೇ ಹೆಚ್ಚು. ಕನ್ನಡದಿಂದ ಇಂಗ್ಲಿಷಿಗೆ ಹೋದ ಅನುವಾದಗಳನ್ನು ಮೂಲದ ಜೊತೆ ಇಟ್ಟು ಓದುವವರಿಗೆ ಇವು ಒಳ್ಳೆಯ ಜಾಗ. ಕನ್ನಡಕ್ಕೇ ಅಂತ ಹೋಗುವವರು ನಿರೀಕ್ಷೆ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ. ಬ್ರಿಗೇಡ್ ರಸ್ತೆಯ ಒಳಗಿನ ಸೆಲೆಕ್ಟ್ ಬುಕ್ ಶಾಪ್ 1945ರದ್ದು, ಅಪರೂಪದ ಹಳೇ ಪುಸ್ತಕಗಳ ಗೂಡು. ಕೈಯಲ್ಲಿ ಸಮಯ ಇರಬೇಕು. ಅವೆನ್ಯೂ ರೋಡ್‌ನಲ್ಲಿ ಪಠ್ಯಪುಸ್ತಕ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡ್‌ಗಳೇ ತುಂಬಿವೆ. ನಡುವೆ ಹಳೇ ಕಾದಂಬರಿ ಸಿಕ್ಕರೆ ಅದೃಷ್ಟ.

ಹಳೇ ಪುಸ್ತಕಕ್ಕೆ ಪರೀಕ್ಷೆ ಬೇರೆ. ಪುಟದ ಹಿಂಬದಿಯನ್ನು ಬೆರಳ ತುದಿಯಿಂದ ಸವರಿ. ಸಣ್ಣಗೆ ಉಬ್ಬು ತಾಗಿದರೆ ಮೊಳೆ ಅಚ್ಚಿನ ಪ್ರತಿ. ಬೆನ್ನನ್ನು ಮೇಜಿನ ಮೇಲೆ ಮೆಲ್ಲಗೆ ಕುಟ್ಟಿ. ನಯವಾದ ಪುಡಿ ಉದುರಿದರೆ ಹುಳ ಇನ್ನೂ ಜೀವಂತ ಇರಬಹುದು. ಮುಗ್ಗಲು ವಾಸನೆ ಬಂದರೆ ಎಲ್ಲೋ ನೀರು ಕುಡಿದಿದೆ, ಹಾಳೆ ಹಾಳೆಗೆ ಅಂಟಿದೆಯೇ ನೋಡಿ. ಗ್ರಂಥಾಲಯದ ಮೊಹರು, ದಾಖಲೆ ಸಂಖ್ಯೆ ಇದ್ದು ರದ್ದುಪಡಿಸಿದ ಮುದ್ರೆ ಇಲ್ಲದಿದ್ದರೆ ವಾಪಸ್ ಇಟ್ಟುಬಿಡಿ. ಅದು ಇನ್ನೂ ಯಾವುದೋ ಊರಿನ ಓದುಗರ ಸ್ವತ್ತು. ಫುಟ್‌ಪಾತ್‌ನಲ್ಲಿ ಫಳಫಳ ಹೊಸ ಪುಸ್ತಕ ಅರ್ಧ ಬೆಲೆಗೆ ಸಿಕ್ಕರೆ ಒತ್ತಕ್ಷರದ ಹೊಟ್ಟೆ ನೋಡಿ. ಅಲ್ಲಿ ಮಸಿ ತುಂಬಿಕೊಂಡಿದ್ದರೆ, ಅಂಚು ಪುಟದಿಂದ ಪುಟಕ್ಕೆ ಅಳ್ಳಾಡುತ್ತಿದ್ದರೆ, ಸ್ಕ್ಯಾನ್ ಮಾಡಿ ಕದ್ದು ಅಚ್ಚು ಹಾಕಿದ್ದು. ಲೇಖಕರಿಗೆ ಅದರಿಂದ ಒಂದು ಕಾಸೂ ಹೋಗುವುದಿಲ್ಲ.

ಸಮಗ್ರ ಸಂಪುಟಗಳನ್ನು ಕೊಳ್ಳುವ ಆಸೆ ಇದ್ದವರು ನವೆಂಬರ್‌ವರೆಗೆ ತಡೆದುಕೊಳ್ಳಿ. ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿರುವ ಕನ್ನಡ ಪುಸ್ತಕ ಪ್ರಾಧಿಕಾರ ತನ್ನ ಪ್ರಕಟಣೆಗಳನ್ನು ರಾಜ್ಯೋತ್ಸವದ ತಿಂಗಳಲ್ಲಿ ಸಾಮಾನ್ಯವಾಗಿ ಶೇ. 50 ರಿಯಾಯಿತಿಗೆ ಕೊಡುತ್ತದೆ. ದಪ್ಪ ಸಂಪುಟಗಳಾದ್ದರಿಂದ ಬೆನ್ನಿನ ಪರೀಕ್ಷೆ ಇಲ್ಲಿ ಇನ್ನೂ ಮುಖ್ಯ. ಗಟ್ಟಿ ಚೀಲ ಮರೆಯಬೇಡಿ.

ಓದಿ ಮೆಚ್ಚಿದ್ದನ್ನು ಗೆಳೆಯರಿಗೆ ಹೇಳುವಾಗ ಕೃತಿಯ ಹೆಸರಿನ ಜೊತೆ ಪ್ರಕಾಶಕ, ಮುದ್ರಣದ ವರ್ಷ, ಪುಟಸಂಖ್ಯೆ ಮೂರನ್ನೂ ಹೇಳಿ. ‘ಎರಡನೇ ಮುದ್ರಣ, 240 ಪುಟ’ ಅಂದರೆ ಅವರು ಅಂಗಡಿಯಲ್ಲಿ ಅದನ್ನೇ ಕೇಳಿ ತೆಗೆಸಬಹುದು. ಹುಳದ ಅನುಮಾನ ಇರುವ ಹಳೇ ಪ್ರತಿ ಮನೆಗೆ ಬಂದಿದ್ದರೆ ಕಪಾಟಿಗೆ ಸೇರಿಸುವ ಮುಂಚೆ ಪಾಲಿಥಿನ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ವಾರ ಫ್ರೀಜರ್‌ನಲ್ಲಿಡಿ. ಹೊರತೆಗೆದ ಮೇಲೂ ಒಂದು ಇಡೀ ದಿನ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣಗಿರುವ ಹಾಳೆಯ ಮೇಲೆ ಹೊರಗಿನ ತೇವವೆಲ್ಲ ಹನಿಗಟ್ಟುತ್ತದೆ.