ರೆಸ್ಲಿಂಗ್ ನೇರವಾಗಿ ನೋಡೋದಾದರೆ: ಟಿವಿ ಶೋನಾ, ಹೌಸ್ ಶೋನಾ?

ಅಮೆರಿಕದಲ್ಲಿದ್ದು ಒಮ್ಮೆಯಾದರೂ ರೆಸ್ಲಿಂಗ್ ಎದುರಿಗೇ ನೋಡಬೇಕು ಅಂತಿದ್ದರೆ, ಟಿವಿ ಶೋಗೆ ದುಡ್ಡು ಹಾಕುವ ಮುಂಚೆ ಹತ್ತಿರದಲ್ಲಿ ಹೌಸ್ ಶೋ, ಅಂದರೆ ಟಿವಿಯಲ್ಲಿ ಬರದ ಶೋ, ಇದೆಯಾ ನೋಡಿ.

ನಾನು ನೋಡಿದ ಟಿವಿ ರಾತ್ರಿ ತುಂಬಾ ಬೇಸರ ತರಿಸಿತು. ಮನೆಯಲ್ಲಿ ಜಾಹೀರಾತು ಬಂದರೆ ನಾವು ಎದ್ದು ಹೋಗ್ತೀವಿ, ಅಲ್ವಾ? ಅಲ್ಲಿ ಅದೇ ಹೊತ್ತಿಗೆ ಒಬ್ಬ ಇನ್ನೊಬ್ಬನ ಕುತ್ತಿಗೆ ಹಿಡಿದು ಸುಮ್ನೆ ಕೂತುಬಿಡುತ್ತಾನೆ, ಜಾಹೀರಾತು ಮುಗೀತು ಅಂತ ರೆಫರಿಯ ಇಯರ್‌ಪೀಸ್‌ಗೆ ಸೂಚನೆ ಬಂದಮೇಲೇ ಮತ್ತೆ ಜೋರು. ತೆರೆಯ ಹಿಂದಿನ ಜಗಳಗಳನ್ನು ಅಲ್ಲೂ ಪರದೆಯಲ್ಲೇ ನೋಡಬೇಕು. ಕಾಮೆಂಟರಿಯೂ ಕೇಳಿಸಲ್ಲ.

ಹೌಸ್ ಶೋನಲ್ಲಿ ಜಾಹೀರಾತಿನ ಕಾಟ ಇಲ್ಲ, ಕುಸ್ತಿ ಜಾಸ್ತಿ. ಜನ ಕೂಗಿದ್ದಕ್ಕೆ ರಿಂಗ್‌ನಿಂದಲೇ ಉತ್ತರ ಕೊಡ್ತಾರೆ, ಮಕ್ಕಳ ಕೈ ತಟ್ಟಿಕೊಂಡು ಹೋಗ್ತಾರೆ. ದೊಡ್ಡ ತಾರೆಗಳೂ ಬರ್ತಾರೆ: 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ರೆಸ್ಲಿಂಗ್ ಕಂಪನಿ ಡಬ್ಲ್ಯುಡಬ್ಲ್ಯುಇ ಹೈದರಾಬಾದ್‌ಗೆ ಬಂದಾಗ ಇಂಥ ಶೋನಲ್ಲೇ ಜಾನ್ ಸೀನಾ, ಸೆತ್ ರೋಲಿನ್ಸ್ ಒಂದೇ ಜೋಡಿಯಾಗಿ ಆಡಿದ್ದರು.

ಕೊರತೆ ಇಲ್ಲ ಅಂತಲ್ಲ. ವೇದಿಕೆ ಚಿಕ್ಕದು, ಚಾಂಪಿಯನ್ ಪಟ್ಟದ ಬೆಲ್ಟ್ ಕೈ ಬದಲಾಗೋದು ಅಪರೂಪ. ಆದರೂ 1994ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕ್ರೀಡಾಂಗಣದಲ್ಲಿ ಡೀಸಲ್ ಬರೀ 8 ಸೆಕೆಂಡಿನಲ್ಲಿ ಬಾಬ್ ಬ್ಯಾಕ್ಲಂಡ್‌ನನ್ನು ಸೋಲಿಸಿ ವಿಶ್ವ ಚಾಂಪಿಯನ್ ಆಗಿದ್ದು ಇಂಥ ಶೋನಲ್ಲೇ. 2017ರಲ್ಲಿ ಎಜೆ ಸ್ಟೈಲ್ಸ್ ಅಮೆರಿಕ ಚಾಂಪಿಯನ್ ಆಗಿದ್ದೂ ಅಲ್ಲೇ, ಹೌಸ್ ಶೋನಲ್ಲೇ.

ಪಟಾಕಿ, ಬೆಳಕು, ಇದ್ದಕ್ಕಿದ್ದಂತೆ ಯಾರಾದರೂ ವಾಪಸ್ ಬರುವ ರೋಮಾಂಚನ ಬೇಕೇ ಬೇಕು ಅಂದರೆ ಟಿವಿ ಶೋಗೇ ಹೋಗಿ. ಮುಖ್ಯ ಕ್ಯಾಮೆರಾ ಇರುವ ಬದಿಯ ಸೀಟು ತಗೊಳ್ಳಿ. ಆಟಗಾರರು ಜಾಸ್ತಿ ಹೊತ್ತು ಆ ಕಡೆಗೇ ಮುಖ ಮಾಡಿರ್ತಾರೆ.