ಕಲ್ಲಿದ್ದಲಿನ ಮೆಸರಲ್ ಬೇರ್ಪಡಿಸಿ ಕೊಡುವ ಲ್ಯಾಬ್: ಕೆಲಸ ಚೆನ್ನಾಗಿದೆ, ತೊಳೆಯುವುದನ್ನು ಮಾತ್ರ ಕೇಳಿ ನೋಡಿ

ನನ್ನ ಸಂಶೋಧನೆ ಪಶ್ಚಿಮ ಬಂಗಾಳದ ರಾಣಿಗಂಜ್ ಕಲ್ಲಿದ್ದಲಿನ ಮೇಲೆ. ಅದರ ಮೆಸರಲ್‌ಗಳನ್ನು, ಅಂದರೆ ಅದು ಯಾವುದರಿಂದ ಆಗಿದೆಯೋ ಆ ಸಣ್ಣ ಸಣ್ಣ ಘಟಕಗಳನ್ನು, ಬೇರೆ ಬೇರೆ ಮಾಡಿಸಲು ಎರಡು ಕಿಲೋ ಸ್ಯಾಂಪಲ್ ಒಂದು ಖಾಸಗಿ ಲ್ಯಾಬ್‌ಗೆ ಕಳಿಸಿದ್ದೆ.

ಬಂಡೆಗೆ ಖನಿಜ ಹೇಗೋ ಕಲ್ಲಿದ್ದಲಿಗೆ ಮೆಸರಲ್ ಹಾಗೆ. ಬ್ರಿಟಿಷ್ ಸಸ್ಯವಿಜ್ಞಾನಿ ಮೇರಿ ಸ್ಟೋಪ್ಸ್ 1935ರಲ್ಲಿ ಇಟ್ಟ ಹೆಸರು ಇದು. ಮರದ ಕಾಂಡ, ಬೇರುಗಳಿಂದ ಆದದ್ದು ವಿಟ್ರಿನೈಟ್. ಬೀಜಕಣ, ಮರದ ಅಂಟು, ಎಲೆಯ ಮೇಣದಿಂದ ಬಂದದ್ದು ಲಿಪ್ಟಿನೈಟ್. ಹೆಚ್ಚಾಗಿ ಕಾಡ್ಗಿಚ್ಚಿನಲ್ಲಿ ಸುಟ್ಟ ಮರ ಇನರ್ಟಿನೈಟ್ ಆಗಿ ಉಳಿದಿದೆ. ಲಿಪ್ಟಿನೈಟ್ ಹಗುರ, ಇನರ್ಟಿನೈಟ್ ಭಾರ, ಬೇರ್ಪಡಿಸುವ ಕೆಲಸವೆಲ್ಲ ನಡೆಯುವುದು ಈ ವ್ಯತ್ಯಾಸದ ಮೇಲೇ.

ಇವರು ಕಲ್ಲಿದ್ದಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ಆಸಿಡ್‌ನಲ್ಲಿ ಖನಿಜ ಕರಗಿಸಿ, ಝಿಂಕ್ ಕ್ಲೋರೈಡ್ ದ್ರಾವಣದಲ್ಲಿ ಕಲಸಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುತ್ತಾರೆ, 1.25 ಸಾಂದ್ರತೆಯಲ್ಲಿ (ನೀರಿನದು 1) ತೇಲಿದ್ದನ್ನು ತೆಗೆದಿಟ್ಟು, ಮುಳುಗಿದ್ದನ್ನು 1.30ರ ದ್ರಾವಣಕ್ಕೆ, ಆಮೇಲೆ 1.35ಕ್ಕೆ, 1.40ಕ್ಕೆ ಹಾಕುತ್ತಾರೆ. ಅರೆಯುವುದರಲ್ಲಿ ಸೋಮಾರಿತನ ಮಾಡಿದರೆ ಕೆಲಸ ಕೆಟ್ಟಂತೆ. ಕಣ ದಪ್ಪ ಇದ್ದರೆ ಒಂದೇ ಕಣದಲ್ಲಿ ಎರಡು ಮೂರು ಮೆಸರಲ್ ಅಂಟಿಕೊಂಡೇ ಇರುತ್ತವೆ ಅಲ್ವಾ?

ನನಗೆ ತುಂಬಾ ಹಿಡಿಸಿದ್ದು ಅವರು ಸಾಂದ್ರತೆಯನ್ನಷ್ಟೇ ನಂಬಿ ಕೂರದೇ ಇದ್ದದ್ದು. ಪ್ರತಿ ಭಾಗದಿಂದಲೂ ಒಂದಿಷ್ಟು ಪುಡಿಯನ್ನು ರೆಸಿನ್‌ನಲ್ಲಿ ಕೂರಿಸಿ, ಪಾಲಿಶ್ ಮಾಡಿ, ಯಾವ ಮೆಸರಲ್ ಎಷ್ಟಿದೆ ಎಂದು ಮೈಕ್ರೋಸ್ಕೋಪ್‌ನಲ್ಲಿ 500 ಬಿಂದು ಎಣಿಸಿದ್ದಾರೆ. ಫೋಟೋಗಳನ್ನೂ ಕಳಿಸಿದ್ದರು. ಬೂದು ಬಣ್ಣದ ವಿಟ್ರಿನೈಟ್, ಬೆಳ್ಳಗೆ ಹೊಳೆಯುವ ಇನರ್ಟಿನೈಟ್, ಅದರೊಳಗೆ ಮರದ ಜೀವಕೋಶದ ಗೋಡೆಗಳು ಹಾಗೇ ಜರಡಿಯ ಥರ ಕಾಣುತ್ತವೆ! ನೀಲಿ ಬೆಳಕಿನಲ್ಲಿ ತೆಗೆದ ಫೋಟೋದಲ್ಲಿ ಬೀಜಕಣಗಳು ಹಳದಿಯಾಗಿ ಮಿನುಗುತ್ತಿದ್ದವು. ಕೋಟ್ಯಂತರ ವರ್ಷ ಹಳೆಯ ಗಿಡದ ಬೀಜಕಣ, ಅದನ್ನು ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ.

ಒಂದು ದೂರು ಇದೆ. ಮೊದಲ ಸಲ ಬಂದ ಪೊಟ್ಟಣ ಬಿಚ್ಚಿದರೆ ಪುಡಿ ಒದ್ದೆಯಾಗಿ ಗಂಟು ಕಟ್ಟಿತ್ತು. ಝಿಂಕ್ ಕ್ಲೋರೈಡ್ ಸರಿಯಾಗಿ ತೊಳೆದಿರಲಿಲ್ಲ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹಾಗೇ ಸುಟ್ಟು ನೋಡಿದ್ದರೆ ಬೂದಿಯ ಲೆಕ್ಕವೇ ತಪ್ಪುತ್ತಿತ್ತು. ಫೋನ್ ಮಾಡಿದೆ, ವಾದ ಮಾಡದೆ ವಾಪಸ್ ತರಿಸಿಕೊಂಡು ಮತ್ತೆ ತೊಳೆದು ಕೊಟ್ಟರು, ದುಡ್ಡು ಕೇಳಲಿಲ್ಲ. ಆದರೆ ನನ್ನ ಮೂರು ವಾರ ಹೋಯಿತು.

ರೇಟು ಸ್ವಲ್ಪ ಜಾಸ್ತಿಯೇ. ಆದರೂ ಮುಂದಿನ ಸ್ಯಾಂಪಲ್ ಅಲ್ಲಿಗೇ ಕಳಿಸುತ್ತೇನೆ. ತೊಳೆದ ನೀರಿನಲ್ಲಿ ಕ್ಲೋರೈಡ್ ಉಳಿದಿಲ್ಲ ಎಂದು ಸಿಲ್ವರ್ ನೈಟ್ರೇಟ್ ಹಾಕಿ ನೋಡಿ, ಅದನ್ನೂ ರಿಪೋರ್ಟ್‌ನಲ್ಲಿ ಬರೆಯಿರಿ ಅಂತ ಈ ಸಲ ಮೊದಲೇ ಹೇಳಿದ್ದೇನೆ.