ಎರಡು ಮಳೆಗಾಲ, ಎರಡು ಪಿಕಪ್: ಬೆಸುಗೆಯೋ ವಾರಂಟಿಯೋ?

ಜೋಡಿಯಾಗಿ ಕೊಂಡ ಎರಡು ಹಂಬಕರ್ ಪಿಕಪ್‌ಗಳು ನನ್ನ ಎಲೆಕ್ಟ್ರಿಕ್ ಗಿಟಾರಿನಲ್ಲಿ ಒಂದರ ಹಿಂದೊಂದು ಕೈಕೊಟ್ಟವು. ಪಿಕಪ್ ಎಂದರೆ ಗಿಟಾರಿನ ತಂತಿಗಳ ಕಂಪನವನ್ನು ವಿದ್ಯುತ್ ಸಂಕೇತವಾಗಿ ಹಿಡಿಯುವ, ಅಯಸ್ಕಾಂತ ಮತ್ತು ತಂತಿಯ ಸುರುಳಿ (ಕಾಯಿಲು) ಇರುವ ಭಾಗ. ಬ್ರಿಜ್ ಕಡೆಯದು, ಅಂದರೆ ತಂತಿಗಳು ಒಡಲಿನ ಮೇಲೆ ಕೂರುವ ತುದಿಯದು, ಮೊದಲ ಮಳೆಗಾಲದಲ್ಲಿ, ನೆಕ್ ಅಂದರೆ ಕತ್ತಿನ ಕಡೆಯದು ಮರುವರ್ಷ. ಮೊದಲನೆಯದಕ್ಕೆ ನಾನೇ ಕೈಹಾಕಿದೆ, ಕೆಟ್ಟ ಮೇಲೆ ವೈಂಡಿಂಗ್ ಅಂಗಡಿಗೆ ಒಯ್ದೆ. ಎರಡನೆಯದನ್ನು ವಾರಂಟಿಗೆ ಕಳಿಸಿದೆ. ಒಂದೇ ಕಂಪನಿ, ಒಂದೇ ಬಿಲ್, ಒಂದೇ ಬಗೆಯ ರೋಗ. ಹೋಲಿಸಲು ಇದಕ್ಕಿಂತ ಸರಿಯಾದ ಜೋಡಿ ಸಿಗಲಿಕ್ಕಿಲ್ಲ.

ಮನೆ ಇರುವುದು ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಮಗ್ಗುಲಲ್ಲಿ. ಜೂನ್ ಬಂತೆಂದರೆ ಕಪಾಟಿನ ಬಿಜಾಗರಿಗೂ ತುಕ್ಕು. ಆ ಸಲ ಬ್ರಿಜ್ ಪಿಕಪ್ಪಿನಿಂದ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ತೆಳ್ಳಗಿನ ಸದ್ದು ಮಾತ್ರ ಬರತೊಡಗಿತು. ಕೇಬಲ್ ಬದಲಿಸಿದೆ, ಸ್ವಿಚ್ಚಿಗೆ ಸ್ಪ್ರೇ ಹೊಡೆದೆ, ಜ್ಯಾಕ್ ಬಿಗಿ ಮಾಡಿದೆ. ಪೂರ್ತಿ ಸತ್ತಿದ್ದರೆ ಮೌನವಾಗಿರಬೇಕಿತ್ತಲ್ಲ ಎಂಬುದು ನನ್ನ ತರ್ಕ. ಅದು ತಪ್ಪು. ಕಾಯಿಲಿನ ತಂತಿ ಎಲ್ಲೋ ತುಂಡಾಗಿದ್ದರೂ ಎರಡು ತುದಿ ಹತ್ತಿರ ಹತ್ತಿರ ಇದ್ದರೆ ತಾರಸ್ಥಾಯಿಯ ಕಂಪನಗಳು ಅಷ್ಟಿಷ್ಟು ದಾಟಿಬಿಡುತ್ತವೆ.

ಸತ್ಯ ಹೇಳಿದ್ದು ಮಲ್ಟಿಮೀಟರ್. ಗಿಟಾರ್ ಬಿಚ್ಚುವುದೂ ಬೇಡ: ಕೇಬಲ್ ಸಿಕ್ಕಿಸಿ, ವಾಲ್ಯೂಮ್ ಪೂರ್ತಿ ತಿರುಗಿಸಿ, ಕೇಬಲಿನ ಇನ್ನೊಂದು ತುದಿಗೆ ಮೀಟರ್ ಹಿಡಿದರೆ ಸಾಕು. ನೆಕ್ ಪಿಕಪ್ 7.6 ಕಿಲೋ ಓಮ್ ತೋರಿಸಿತು. ಬ್ರಿಜ್‌ಗೆ ಸ್ವಿಚ್ ಹಾಕಿದರೆ 490ರ ಆಸುಪಾಸು. ಅಂದರೆ ಮೀಟರಿಗೆ ಕಾಣುತ್ತಿದ್ದುದು ವಾಲ್ಯೂಮ್ ಗುಬ್ಬಿಯ ಕೆಳಗಿನ 500 ಕಿಲೋ ಓಮಿನ ರೋಧಕ (ಪಾಟ್) ಒಂದೇ, ಪಿಕಪ್ ಲೆಕ್ಕದಲ್ಲೇ ಇಲ್ಲ.

ಅಲ್ಲಿಗೇ ನಿಲ್ಲಿಸಿ ಬಿಲ್ ಹುಡುಕಬೇಕಿತ್ತು. ನಾನು ಬ್ಲೇಡ್ ಹುಡುಕಿದೆ. ತಂತಿ ಕತ್ತರಿಸಿ, ಪಿಕಪ್ ಹೊರತೆಗೆದು, ಸುತ್ತಿದ ಟೇಪ್ ಬಿಡಿಸಿದೆ. ಹಂಬಕರ್ ಎಂದರೆ ಅಕ್ಕಪಕ್ಕ ಎರಡು ಕಾಯಿಲು. ಒಂದು 3.9 ಕಿಲೋ ಓಮ್, ಇನ್ನೊಂದು ಖಾಲಿ. ಭೂತಗನ್ನಡಿಯಲ್ಲಿ ನೋಡಿದರೆ ಹೊರತುದಿಯ ಬೆಸುಗೆಯ ಬುಡದಲ್ಲಿ ಹಸಿರು ಕಿಲುಬು. ಒಂದು ಸುತ್ತು ಬಿಡಿಸಿ, ತುದಿಯ ಎನಾಮೆಲ್ ಸುಟ್ಟು, ಬೆಸೆದೆ. ಮೀಟರ್ ಜೀವ ಬಂದ ಹಾಗೆ ಜಿಗಿಯಿತು. ಆ ರಾತ್ರಿಯ ಖುಷಿಯನ್ನು ಯಾವ ವಾರಂಟಿಯೂ ಕೊಡುವುದಿಲ್ಲ, ಅದನ್ನು ಒಪ್ಪಲೇಬೇಕು.

ಹನ್ನೊಂದು ದಿನ ಬಾಳಿತು. ನಾನು ಹಚ್ಚಿದ್ದು ಹಾರ್ಡ್‌ವೇರ್ ಅಂಗಡಿಯಿಂದ ತಂದ, ತಗಡು ಬೆಸೆಯುವ ಆಮ್ಲದ ಪೇಸ್ಟು. ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ರಾಳದ್ದೇ ಬೇಕು. ಸುಮಾರು 0.06 ಮಿಲಿಮೀಟರ್ ದಪ್ಪದ ತಂತಿಯನ್ನು ಆಮ್ಲ ಮೆಲ್ಲಗೆ ತಿಂದುಹಾಕಿತ್ತು. ಮತ್ತೆ ಬಿಡಿಸಲು ಹೋದಾಗ ಒಳತುದಿಯೂ ಕಿತ್ತು ಬಂತು. ಹೊರತುದಿ ಕಿತ್ತರೆ ಉಪಾಯವಿದೆ. ಒಳತುದಿ ಎಲ್ಲಾ ಸುತ್ತುಗಳ ಅಡಿಯಲ್ಲಿರುತ್ತದೆ.

ಪೇಟೆಯಲ್ಲಿ ಫ್ಯಾನು, ಪಂಪು, ಮಿಕ್ಸರ್ ಕಟ್ಟುವ ವೈಂಡಿಂಗ್ ಅಣ್ಣ ಒಬ್ಬರಿದ್ದಾರೆ. ಕನ್ನಡಕ ಏರಿಸಿ ನೋಡಿದರು. "ಇದು ತಂತಿ ಅಲ್ಲ ತಮ್ಮಾ, ಕೂದಲು," ಅಂದರು. ಆದರೂ ಬಿಡಲಿಲ್ಲ. ಹಳೆಯದನ್ನೆಲ್ಲ ಕೊಯ್ದು ತೆಗೆದು, ತಮ್ಮಲ್ಲಿದ್ದ ಫ್ಯಾನಿನ ತಂತಿ ಸುತ್ತಿದರು. ಅಸಲಿಗೆ ಅಲ್ಲಿ ಐದು ಸಾವಿರದಷ್ಟು ಸುತ್ತು, ಮುಕ್ಕಾಲು ಕಿಲೋಮೀಟರಿನ ಹತ್ತಿರ ತಂತಿ ಇರುತ್ತದೆ. ಫ್ಯಾನಿನದು ಮೂರು ಪಟ್ಟು ದಪ್ಪ. ಐನೂರು ಚಿಲ್ಲರೆ ಸುತ್ತಿಗೇ ಬಾಬಿನ್ ತುಂಬಿಹೋಯಿತು. ಮೀಟರ್ ಹಿಡಿದರೆ 50 ಓಮ್, ಬೇಕಿದ್ದುದು ನಾಲ್ಕು ಸಾವಿರದ ಹತ್ತಿರ. ದುಡ್ಡು ಮುಟ್ಟಲಿಲ್ಲ. ಕೈಚಳಕದಲ್ಲಿ ಕೊರತೆ ಇರಲಿಲ್ಲ, ತಂತಿಯದೇ ಕೊರತೆ. ಸರಿಯಾದ ತಂತಿಯ ಒಂದು ಸುರುಳಿ ನಾನೇ ತರಿಸಿಕೊಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಆದರೆ ಒಂದು ಪಿಕಪ್ಪಿಗಾಗಿ ಇಡೀ ಸುರುಳಿ ಕೊಳ್ಳುವುದು ಒಂದು ಲೋಟ ಮಜ್ಜಿಗೆಗೆ ಎಮ್ಮೆ ಕಟ್ಟಿದ ಹಾಗೆ.

ಆಮೇಲೆ ನಾಚಿಕೆ ಬಿಟ್ಟು ಮಾರಿದವರಿಗೇ ಬರೆದೆ. ಕತ್ತರಿಸಿದ ತಂತಿಯ ಫೋಟೋ ನೋಡಿ "ವಾರಂಟಿ ಅನ್ವಯಿಸುವುದಿಲ್ಲ" ಎಂದು ಒಂದು ಸಾಲು. ತಪ್ಪು ನನ್ನದೇ.

ಮರುವರ್ಷ ಆಗಸ್ಟಿನಲ್ಲಿ ನೆಕ್ ಪಿಕಪ್ ಅದೇ ಸೊಳ್ಳೆ ರಾಗ ತೆಗೆದಾಗ ಬ್ಲೇಡ್ ಮುಟ್ಟಲಿಲ್ಲ. ತಂತಿ ಕತ್ತರಿಸದೆ ಬೆಸುಗೆ ಮಾತ್ರ ಬಿಡಿಸಿ, ಮೀಟರ್ ಹಿಡಿದ ವೀಡಿಯೊ ಮತ್ತು ಬಿಲ್ ಕಳಿಸಿದೆ. ನಾಲ್ಕು ಮೇಲ್, ಒಂದು ಸ್ಪೀಡ್ ಪೋಸ್ಟ್, 26 ದಿನ. ನಡುವೆ ಎರಡು ಸಲ "ನೀವು ಸರಿಯಾಗಿ ಜೋಡಿಸಿದ್ದೀರಾ?" ಎಂಬ ಪ್ರಶ್ನೆ ಬಂದಾಗ ಸಿಟ್ಟು ನುಂಗಿಕೊಂಡೆ. ಹೊಸತು ಬಂತು, 8.3 ಕಿಲೋ ಓಮ್. ಹಳೆಯದಕ್ಕಿಂತ ಸದ್ದು ಜೋರು, ಸ್ವರ ತುಸು ಗಡುಸು. ಪಕ್ಕದ ಸ್ಕ್ರೂ ತಿರುಗಿಸಿ ಪಿಕಪ್ಪನ್ನು ಬಾರಿಸುವ ತಂತಿಗಳಿಂದ ಇನ್ನೊಂದು ಮಿಲಿಮೀಟರ್ ಕೆಳಗಿಳಿಸಿದ ಮೇಲೆ ಕಿವಿಗೆ ಕೂತಿತು. ನನ್ನ ಖರ್ಚು ಅಂಚೆಯದಷ್ಟೇ. ಕೆಲಸ ಆಗುವುದು ಮುಖ್ಯ ಎನ್ನುವವರಿಗೆ ವಾರಂಟಿಯೇ ಮೇಲು, ಅದರಲ್ಲಿ ನನಗೆ ಅನುಮಾನವಿಲ್ಲ. ಟೇಪ್ ಬಿಡಿಸಿ ಕಲಿಯುವ ಹುಚ್ಚಿದ್ದರೆ ವಾರಂಟಿ ಮುಗಿಯುವ ತನಕ ಕಾಯಿರಿ.

ಇನ್ನು ಆ ಬ್ರಿಜ್ ಪಿಕಪ್. ಅದರಿಂದ ನಾಲ್ಕು ತಂತಿ ಹೊರಬರುವುದರಿಂದ ಪ್ರತಿ ಕಾಯಿಲಿನ ಎರಡೂ ತುದಿ ಬೇರೆಬೇರೆ ಸಿಗುತ್ತವೆ. ಸತ್ತದ್ದನ್ನು ಬಿಟ್ಟು, ಬದುಕಿರುವ ಕಾಯಿಲನ್ನಷ್ಟೇ ಜೋಡಿಸಿದೆ. ಸದ್ದು ಕಡಿಮೆ, ಆದರೆ ಗಾಜಿನ ಬಳೆಯ ಹಾಗೆ ಕಿಣಿಕಿಣಿ. ಮದುವೆ ಮನೆಗಳಲ್ಲಿ ಕೊಂಕಣಿ ಹಾಡಿಗೆ ರಿದಮ್ ಹಿಡಿಯಲು ಈಗ ಇದೇ ಇಷ್ಟ. ಗಿಬ್ಸನ್ ಕಂಪನಿಯ ಸೇಥ್ ಲವರ್ 1955ರಲ್ಲಿ ಎರಡು ಕಾಯಿಲು ಜೋಡಿಸಿ ತೊಲಗಿಸಿದ ಕರೆಂಟಿನ ಗುಂಯ್ ಮಾತ್ರ ವಾಪಸು ಬಂದಿದೆ. ವೇದಿಕೆ ಹತ್ತಿದ ಕೂಡಲೇ ನಾನು ಗಿಟಾರ್ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತೇನೆ, ಗುಂಯ್ ಕಡಿಮೆಯಾಗುವ ದಿಕ್ಕು ಸಿಗುವವರೆಗೆ. ಮೊನ್ನೆ ಆ ದಿಕ್ಕು ಮದುಮಕ್ಕಳಿಗೆ ಬೆನ್ನು ಹಾಕುವಂತೆ ಸಿಕ್ಕಿತು.